ಹತ್ತು ಅಂಕದ ಹೋಲಿಕೆ

ಚಿಕ್ಕಮ್ಮನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಳು. ಹಾಳೆಯ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಗೆರೆಯ ಎಡಕ್ಕೆ ಮಾಸ್ತಿ, ಬಲಕ್ಕೆ ಡಿವಿಜಿ. ಇವರು ಹುಟ್ಟಿದ್ದು 1891ರಲ್ಲಿ, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿ. ಅವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲು. ಇವರು ಎಂ.ಎ., ಅವರು ಮೆಟ್ರಿಕ್ ಫೇಲ್. ಇವರು ಮೈಸೂರು ಸರ್ಕಾರದ ಅಧಿಕಾರಿ, ಅವರು ಪತ್ರಕರ್ತ. ಇವರು 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಅವರು 1932ರ ಮಡಿಕೇರಿ ಸಮ್ಮೇಳನದ ಅಧ್ಯಕ್ಷರು. ಇವರಿಗೆ ಜ್ಞಾನಪೀಠ, ಅವರಿಗೆ ಪದ್ಮಭೂಷಣ. ಫೋಟೋ ಕೆಳಗೆ ಮೆಸೇಜು: "ಅಣ್ಣಾ, ಸಾಮ್ಯ ಹತ್ತು, ವ್ಯತ್ಯಾಸ ಹತ್ತು ಆಯ್ತು. ಎಂಟು ಪುಟ ಇರ್ಬೇಕಂತೆ. ಇನ್ನ ಐದೂವರೆ ಪುಟಕ್ಕೆ ಏನ್ ಬರೀಲಿ?"

ಅವಳು ಕೋಲಾರದಲ್ಲಿ ಬಿ.ಎ. ಕೊನೇ ವರ್ಷ, ಐಚ್ಛಿಕ ಕನ್ನಡ. ಇಂಟರ್ನಲ್ಸ್‌ಗೆ ಒಂದು ತೌಲನಿಕ ಪ್ರಬಂಧ ಬರೆಯಬೇಕು. ಹತ್ತು ಅಂಕ. ವಿಷಯ ಅವರವರೇ ಆರಿಸಿಕೊಳ್ಳಬಹುದು, ಆದರೆ 'ನಮ್ಮ ಜಿಲ್ಲೆಯವರೇ ಆದರೆ ಒಳ್ಳೇದು' ಅಂದಿದ್ದರಂತೆ. ಹಾಗಾಗಿ ತರಗತಿಯ ಅರ್ಧ ಜನ ಮಾಸ್ತಿ–ಡಿವಿಜಿ ಹಿಡಿದು ಕೂತಿದ್ದರು. ನಾನು ಮಾಲೂರಿನವನು, ಕೆಲಸ ವೈಟ್‌ಫೀಲ್ಡಿನಲ್ಲಿ. ಕನ್ನಡ ಎಂ.ಎ. ಓದಬೇಕು ಅಂತಿದ್ದವನು ಓದಿದ್ದು ಎಂಜಿನಿಯರಿಂಗ್. ಮನೆಯಲ್ಲಿ ಕತೆ–ಕಾದಂಬರಿ ಅಂದರೆ ನನ್ನ ಕಡೆ ಬೆರಳು ತೋರಿಸುತ್ತಾರೆ. ಭಾನುವಾರ ಶ್ರೀನಿವಾಸಪುರಕ್ಕೆ ಬರ್ತೀನಿ, ಕೂತು ನೋಡೋಣ ಅಂದೆ. ಹೋಗುವುದಕ್ಕೆ ಇನ್ನೊಂದು ಕೆಲಸವೂ ಇತ್ತು. ಅದನ್ನ ಆಮೇಲೆ ಹೇಳುತ್ತೇನೆ.

ಬಸ್ಸಿನಲ್ಲಿ ಆ ಫೋಟೋವನ್ನು ಮತ್ತೆ ಮತ್ತೆ ನೋಡಿದೆ. ಕನ್ನಡ ವಿದ್ಯಾರ್ಥಿಗಳು ತಲೆಮಾರುಗಳಿಂದ ಬರೆಯುತ್ತಾ ಬಂದಿರುವ ಪ್ರಬಂಧ ಅದು. ನಮ್ಮ ಕಾಲದಲ್ಲಿ ಪಂಪನ ದುರ್ಯೋಧನ, ರನ್ನನ ದುರ್ಯೋಧನ. ಗೈಡಿನಲ್ಲಿ ಒಂದು ಪ್ಯಾರಾ ಇವನಿಗೆ, ಒಂದು ಪ್ಯಾರಾ ಅವನಿಗೆ, ಕೊನೆಯಲ್ಲಿ 'ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಶ್ರೇಷ್ಠರು'. ಹದಿನಾರಕ್ಕೆ ಹನ್ನೆರಡು ಅಂಕ ಗ್ಯಾರಂಟಿ. ಪಂಪನಿಂದ ರನ್ನನವರೆಗೆ ಏನು ಬದಲಾಯಿತು, ಯಾಕೆ ಬದಲಾಯಿತು ಅನ್ನುವ ಪ್ರಶ್ನೆ ಯಾವ ಪ್ಯಾರಾದಲ್ಲೂ ಇರುತ್ತಿರಲಿಲ್ಲ. ಅದು ಜಾತಕ ಕೂಡಿಸುವ ಲೆಕ್ಕ. ನಮ್ಮ ಕಡೆ ದಶಕೂಟ ನೋಡುತ್ತಾರಲ್ಲ, ಹಾಗೆ. ಹತ್ತರಲ್ಲಿ ಎಷ್ಟು ಕೂಡಿತು ಅಂತ ಎಣಿಸಿದರೆ ಆಯಿತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವ ಅಗತ್ಯವೂ ಇರುವುದಿಲ್ಲ.

ಚಿಕ್ಕಮ್ಮನ ಮನೆ ಮಾವಿನ ಮಂಡಿಗೆ ಹತ್ತಿರ. ಸೀಸನ್ ಶುರುವಾಗಿತ್ತು. ಬೀದಿಯುದ್ದಕ್ಕೂ ಹುಲ್ಲು, ಕ್ರೇಟು, ತೋತಾಪುರಿ ತುಂಬಿದ ಟ್ರ್ಯಾಕ್ಟರು. ನಾನು ತಕ್ಕಡಿ ತೋರಿಸಿ ಹೇಳಿದೆ: ಈ ತಟ್ಟೆಗೆ ಒಂದು ಕಾಯಿ, ಆ ತಟ್ಟೆಗೆ ಒಂದು ಕಾಯಿ ಇಟ್ಟರೆ ಯಾವುದು ಭಾರ ಅಂತ ಗೊತ್ತಾಗುತ್ತೆ ಅಷ್ಟೇ, ಎಷ್ಟು ಭಾರ ಅಂತ ಗೊತ್ತಾಗಲ್ಲ. ಅದಕ್ಕೆ ತೂಕದ ಕಲ್ಲು ಬೇಕು. ಪ್ರಬಂಧದಲ್ಲಿ ಆ ಕಲ್ಲು ಅಂದರೆ ಪ್ರಶ್ನೆ. ಎರಡೂ ಪಠ್ಯಕ್ಕೆ ಹೊರಗಿನದ್ದು, ಎರಡಕ್ಕೂ ಒಂದೇ ಆಗಿರುವಂಥದ್ದು. "ಈಗ ಎಲ್ಲಾ ಎಲೆಕ್ಟ್ರಾನಿಕ್ ಕಾಟ ಅಣ್ಣಾ, ಕಲ್ಲು ಎಲ್ಲಿದೆ" ಅಂದಳು. ಹುಡುಗಿ ಚುರುಕು.

ಇಬ್ಬರನ್ನು ಹೋಲಿಸಬೇಡ, ಎರಡು ಬರಹಗಳನ್ನು ಹೋಲಿಸು ಅಂದೆ. ಇಬ್ಬರು ದೊಡ್ಡವರನ್ನು ಇಡಿಯಾಗಿ ಎದುರೆದುರು ನಿಲ್ಲಿಸಿದರೆ ನಾವು ಮಾಡುವುದು ನಮಸ್ಕಾರ ಮಾತ್ರ. ಮಾಸ್ತಿಯವರದು ನೂರಕ್ಕೂ ಹೆಚ್ಚು ಪುಸ್ತಕ. ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ' ಒಂದೇ ಎಂಟು ಸಂಪುಟ. ಎಂಟು ಪುಟದಲ್ಲಿ ಯಾವುದನ್ನ ತುಂಬಿಸ್ತೀಯ? ಅವಳು ಓದಿದ್ದರಲ್ಲಿ ಮನಸ್ಸಿನಲ್ಲಿ ಉಳಿದಿರೋದು ಯಾವುದು ಅಂತ ಕೇಳಿದೆ. ಮಾಸ್ತಿಯವರದು 'ರಂಗನ ಮದುವೆ' ಅಂದಳು. ಡಿವಿಜಿಯವರದು, ಅವಳ ಮೇಷ್ಟರೊಬ್ಬರು ಕ್ಲಾಸಿನಲ್ಲಿ ಹೇಳಿದ ಜಟಕಾದವನ ಕತೆ. ಎರಡಕ್ಕೂ ಏನು ಸಂಬಂಧ ಅಂತ ನನಗೂ ತಕ್ಷಣ ಹೊಳೆಯಲಿಲ್ಲ.

'ರಂಗನ ಮದುವೆ'ಯನ್ನು ನಿಮ್ಮಲ್ಲಿ ಹಲವರು ಇಂಗ್ಲಿಷಿನಲ್ಲಿ ಓದಿರುತ್ತೀರಿ. ಎನ್‌ಸಿಇಆರ್‌ಟಿಯ ಹನ್ನೊಂದನೇ ಕ್ಲಾಸಿನ 'ಸ್ನ್ಯಾಪ್‌ಶಾಟ್ಸ್' ಪುಸ್ತಕದಲ್ಲಿ ಅದರ ಅನುವಾದ ಇತ್ತು. 1910ರ ಸುಮಾರಿನ ಕತೆ. ಮಾಸ್ತಿಯವರಿಗೆ ಆಗ ಇಪ್ಪತ್ತರ ಆಸುಪಾಸು. ಹೊಸಹಳ್ಳಿ ಎಂಬ ಊರು. ಅದರ ಹೆಸರು ಭೂಪಟದಲ್ಲಿಲ್ಲ, ಆದರೆ ಮೈಸೂರು ಸೀಮೆ ಕರಿಗಡುಬಾದರೆ ಹೊಸಹಳ್ಳಿ ಅದರ ಹೂರಣ ಅನ್ನುವ ಠೇಂಕಾರ ಕತೆ ಹೇಳುವ ಶಾಮನದು. ಶಾನುಭೋಗರ ಮಗ ರಂಗ ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಕಲಿತು ಬರುತ್ತಾನೆ. ಹುಡುಗ ಕೆಟ್ಟಿದ್ದಾನೋ ಇಲ್ಲವೋ ಅಂತ ಊರೇ ನೋಡಲು ನೆರೆಯುತ್ತದೆ. ಒಬ್ಬ ಅಜ್ಜಿ ಎದೆ ಮುಟ್ಟಿ ಜನಿವಾರ ಇದೆಯಾ ಅಂತ ಪರೀಕ್ಷಿಸುತ್ತಾಳೆ. ಜನಿವಾರ ಇದೆ. ಆದರೆ ತಲೆಯೊಳಗೆ ಒಂದು ಬದಲಾವಣೆ ಆಗಿದೆ: ಎಳೇ ಹುಡುಗಿಯನ್ನು ಮದುವೆಯಾಗುವುದಿಲ್ಲ, ಬುದ್ಧಿ ಬಲಿತವಳನ್ನೇ ಆಗುತ್ತೇನೆ ಅನ್ನುತ್ತಾನೆ. ಶಾಮನಿಗೆ ಇದು ಸರಿಬರುವುದಿಲ್ಲ. ರಾಮರಾಯರ ಮನೆಗೆ ಬಂದಿರುವ ರತ್ನ ಎಂಬ ಹುಡುಗಿ ಅವನ ಕಣ್ಣಿಗೆ ಬಿದ್ದಿದ್ದಾಳೆ. ತಂದೆ ತಾಯಿ ಇಲ್ಲ. ಹಾಡುತ್ತಾಳೆ. ವಯಸ್ಸು ಹನ್ನೊಂದು.

ಆಮೇಲೆ ಶಾಮ ಮಾಡುವುದೆಲ್ಲ ತಂತ್ರ. ಮಜ್ಜಿಗೆ ನೆಪದಲ್ಲಿ ಹುಡುಗಿಯನ್ನು ಮನೆಗೆ ಕರೆಸಿ ಹಾಡಿಸುತ್ತಾನೆ, ಅದೇ ಹೊತ್ತಿಗೆ ರಂಗನೂ ಬರುವಂತೆ ಮಾಡುತ್ತಾನೆ. ರಂಗ ಕೇಳುತ್ತಾನೆ, ನೋಡುತ್ತಾನೆ, ಸೋಲುತ್ತಾನೆ. ಆಗ ಶಾಮ ಸುಳ್ಳು ಹೇಳುತ್ತಾನೆ: ಆ ಹುಡುಗಿಗೆ ಹೋದ ವರ್ಷವೇ ಮದುವೆಯಾಯಿತು. ರಂಗನ ಮುಖ ಸುಟ್ಟ ಬದನೇಕಾಯಿ. ಕೊನೆಗೆ, ಮೊದಲೇ ಹೇಳಿಕೊಟ್ಟು ತಯಾರು ಮಾಡಿದ ಶಾಸ್ತ್ರಿಗಳಿಂದ, ಮನಸ್ಸಿನಲ್ಲಿರುವ ಹುಡುಗಿಯ ಹೆಸರು ಸಮುದ್ರದಲ್ಲಿ ಸಿಗುವ ವಸ್ತುವಿನದು ಅಂತ 'ಕಂಡುಹಿಡಿಸಿ' ಮದುವೆ ಮಾಡಿಸುತ್ತಾನೆ. ಎಂಥ ನಗುವಿನ ಕತೆ! ನಾನು ಪಿಯುಸಿಯಲ್ಲಿದ್ದಾಗ ಓದಿ ಹೊಟ್ಟೆ ಹಿಡಿದು ನಕ್ಕಿದ್ದೆ. ಕತೆಯಲ್ಲಿ ಒಂದು ಹುಡುಗ ಸೌದೆ ಮಾರುವವಳಿಗೆ 'ಚೇಂಜ್' ಇಲ್ಲ ಅಂತ ಹೇಳಿ, ಅವಳಿಗೆ ಅರ್ಥವಾಗದೆ ಹೋಗುತ್ತದೆ. ಇವತ್ತು ಶ್ರೀನಿವಾಸಪುರದ ಬಸ್ಸಿನಲ್ಲಿ ಕಂಡಕ್ಟರ್‌ಗೆ 'ಚಿಲ್ಲರೆ' ಅಂದರೆ ಅವನು 'ಚೇಂಜಾ?' ಅಂತ ಕೇಳುತ್ತಾನೆ.

ಅವಳು ನಕ್ಕಿರಲಿಲ್ಲ. "ಅಣ್ಣಾ, ಇಷ್ಟೆಲ್ಲಾ ಮಾಡ್ತಾರೆ, ರತ್ನನ್ನ ಒಬ್ರೂ ಕೇಳಲ್ವಲ್ಲ?"

ಹಳೇ ಕತೆ ಕಣೇ, ಆ ಕಾಲ ಹಾಗಿತ್ತು ಅಂತ ಬಾಯಿಗೆ ಬಂತು. ಹೇಳಿಯೂಬಿಟ್ಟೆ. ವಿಮರ್ಶೆಯಲ್ಲಿ ಇದಕ್ಕಿಂತ ಸೋಮಾರಿ ಮಾತು ಇನ್ನೊಂದಿಲ್ಲ. ಕಾಲ ಹಾಗಿತ್ತು ನಿಜ. ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹದ ಮೇಲೆ ಕಾನೂನು ತಂದಿತ್ತು. ಆದರೆ ಅದು ತಡೆದದ್ದು ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನ. ಹನ್ನೊಂದರ ರತ್ನಳ ಮದುವೆ ಕಾನೂನಿನ ಕಣ್ಣಿಗೆ ತಪ್ಪೇ ಅಲ್ಲ. ಆದರೆ ಅವಳ ಪ್ರಶ್ನೆ ಕಾನೂನಿನದ್ದಾಗಿರಲಿಲ್ಲ. ಮತ್ತೆ ಪುಸ್ತಕ ತೆಗೆದು ನೋಡಿದಾಗ ನನಗೆ ಕಂಡದ್ದು ಇದು: ಹುಡುಗಿ ಬಲಿತವಳಾಗಿರಬೇಕು ಅನ್ನುವ ವಾದವನ್ನು ಇವತ್ತಿನ ನಾವು ಹೊರಗಿನಿಂದ ತಂದು ಕತೆಯ ಮೇಲೆ ಹೇರುತ್ತಿಲ್ಲ. ಆ ವಾದ ಕತೆಯ ಒಳಗೇ ಇದೆ, ರಂಗನ ಬಾಯಲ್ಲಿದೆ. ಕಾಳಿದಾಸನ ಶಕುಂತಲೆ ಎಳೇ ಹುಡುಗಿಯಾಗಿದ್ದರೆ ದುಷ್ಯಂತ ಸೋಲುತ್ತಿದ್ದನೇ ಅಂತ ಅವನು ಕೇಳುತ್ತಾನೆ. ಇಪ್ಪತ್ತರ ಆಸುಪಾಸಿನ ಮಾಸ್ತಿ ಈ ವಾದವನ್ನು ಅಷ್ಟು ಚೆನ್ನಾಗಿ ಆಡಿಸಿ, ಅದಕ್ಕೆ ಕತೆಯಲ್ಲಿ ಒಂದು ಉತ್ತರವನ್ನೂ ಕೊಡಿಸುವುದಿಲ್ಲ. ವಾದವನ್ನು ಯಾರೂ ಸೋಲಿಸುವುದಿಲ್ಲ. ವಾದ ಮಾಡಿದವನನ್ನು ಸೋಲಿಸುತ್ತಾರೆ. ಅದೂ ಮೋಸದಿಂದ. ಮೋಸ ಮಾಡಿದವನೇ ಬಂದು ನಮ್ಮೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಹಾಗಾದರೆ ಮಾಸ್ತಿ ಯಾರ ಕಡೆ? ಶಾಮನೇ ಮಾಸ್ತಿ ಅಂದುಕೊಂಡು ಓದಿದರೆ ಇದು ಊರಿನ ಹಿರಿಮೆಯ ಕತೆ, ಇಂಗ್ಲಿಷ್ ಕಲಿತ ಹುಡುಗನಿಗೆ ದೇಸಿ ಬುದ್ಧಿ ಕಲಿಸಿದ ಕತೆ. ಶಾಮ ಬೇರೆ, ಮಾಸ್ತಿ ಬೇರೆ ಅಂದುಕೊಂಡರೆ ಅದೇ ವಾಕ್ಯಗಳು ಬೇರೆ ಥರ ಕೇಳಿಸುತ್ತವೆ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುವ, ಊರಿನ ಮಾವಿನಕಾಯಿಯ ಹುಳಿಯನ್ನೂ ಹೊಗಳುವ ಒಬ್ಬ ಬಾಯಾಳಿಯನ್ನು ಮಾಸ್ತಿ ನಮ್ಮ ಮುಂದೆ ಕೂರಿಸಿ ಸುಮ್ಮನೆ ಹೊರಗೆ ಹೋಗಿಬಿಟ್ಟಿದ್ದಾರೆ ಅನಿಸುತ್ತದೆ. ನನ್ನ ಮತ ಎರಡನೆಯದಕ್ಕೆ. ಆದರೆ ಪೂರ್ತಿ ಅಲ್ಲ. ಕೊನೆಯಲ್ಲಿ ರಂಗ–ರತ್ನರ ಮಗುವಿಗೆ ಶಾಮನ ಹೆಸರನ್ನೇ ಇಟ್ಟಿದ್ದಾರೆ, ಎಲ್ಲ ಸುಖವಾಗಿದೆ. ಅಲ್ಲಿ ಮಾಸ್ತಿ ಶಾಮನ ಜೊತೆ ಊಟಕ್ಕೆ ಕೂತಂತೆ ಕಾಣುತ್ತದೆ.

ಅವಳು ಇನ್ನೂ ಎರಡು ವಿಷಯ ಹಿಡಿದಳು, ಎರಡೂ ನಾನು ನೋಡಿರಲಿಲ್ಲ. ಒಂದು, ಹೆಸರಿನದ್ದು. ಕತೆಗೆ ಏನು ಹೆಸರಿಡಬೇಕು ಅಂತ ಶಾಮ ಶುರುವಿನಲ್ಲೇ ತಮಾಷೆ ಮಾಡುತ್ತಾನೆ. ರಂಗನಾಥ ವಿವಾಹ ಅನ್ನಬಹುದಿತ್ತು, ರಂಗನಾಥ ವಿಜಯ ಅನ್ನಬಹುದಿತ್ತು. ಜಗನ್ನಾಥ ವಿಜಯ, ಗಿರಿಜಾ ಕಲ್ಯಾಣಗಳೂ ನೆನಪಾಗುತ್ತವೆ. "ಗಿರಿಜಾ ಕಲ್ಯಾಣ ಅಂತ ಬಾಯಲ್ಲೇ ಬಂದಿದೆ ಅಣ್ಣಾ. ಆದ್ರೂ ರತ್ನಾ ಕಲ್ಯಾಣ ಅನ್ನೋದು ಹೊಳೀಲೇ ಇಲ್ಲ." ಹರಿಹರನಿಗೆ ಹೊಳೆದದ್ದು ಶಾಮನಿಗೆ ಹೊಳೆಯಲಿಲ್ಲ.

ಇನ್ನೊಂದು ಮಾವಿನಹಣ್ಣಿನದ್ದು. ರಂಗ ಹೊಸ್ತಿಲಲ್ಲಿ ನಿಂತು ಇಣುಕಿದಾಗ ಕೋಣೆಗೆ ಬರುವ ಬೆಳಕು ಮರೆಯಾಗುತ್ತದೆ. ರತ್ನ ತಲೆ ಎತ್ತಿ ಯಾರೋ ಹೊರಗಿನವನನ್ನು ಕಂಡು ಹಾಡು ನಿಲ್ಲಿಸಿಬಿಡುತ್ತಾಳೆ. ಆಗ ರಂಗನಿಗಾದ ನಿರಾಸೆಯನ್ನು ಶಾಮ ವರ್ಣಿಸುವುದು ಹೇಗೆ ಗೊತ್ತೇ? ಒಳ್ಳೇ ಮಾವಿನಹಣ್ಣನ್ನು ಆರಿಸಿ ತಂದು, ಸಿಪ್ಪೆಯ ರುಚಿ ನೋಡಿ, ಇನ್ನೇನು ತಿನ್ನಬೇಕು ಅನ್ನುವಾಗ ಅದು ಕೈ ಜಾರಿ ನೆಲಕ್ಕೆ ಬಿದ್ದರೆ ಹೇಗಿರುತ್ತದೋ ಹಾಗೆ. ಮಾವಿನ ಮಂಡಿಯ ಪಕ್ಕ ಬೆಳೆದ ಹುಡುಗಿ ಇದನ್ನ ಬಿಡುತ್ತಾಳೆಯೇ. "ಹಣ್ಣು ಬಿದ್ದಿದ್ದಕ್ಕೆ ತಿನ್ನೋನಿಗೆ ಬೇಜಾರು. ಹಣ್ಣಿಗೆ ಏನಾಯ್ತು ಅಂತ ಯಾರ್ ಕೇಳ್ತಾರೆ? ಇಡೀ ಕತೇಲಿ ಆ ಹುಡುಗಿ ತಾನಾಗಿ ಮಾಡಿದ್ದು ಒಂದೇ, ಹಾಡು ನಿಲ್ಸಿದ್ದು."

ಇದನ್ನ ಬರ್ಕೋ ಅಂದೆ. ಇದು ಎಂಟು ಪುಟದ ವಿಷಯ.

ಆಗಲೇ ಜಟಕಾದವನಿಗೆ ಜಾಗ ಸಿಕ್ಕಿದ್ದು. ಡಿವಿಜಿ ಅಂದರೆ ನಮಗೆಲ್ಲ ಕಗ್ಗ. 1943ರಲ್ಲಿ ಬಂದ ಪುಸ್ತಕ, ಇವತ್ತು ಆಫೀಸಿನ ಬೀಳ್ಕೊಡುಗೆಯ ಮೇಲ್‌ಗಳಲ್ಲೂ ಕಾಫಿ ಲೋಟಗಳ ಮೇಲೂ ಇದೆ. ಅದರಲ್ಲಿ ಬದುಕನ್ನು ಜಟಕಾ ಬಂಡಿಗೆ ಹೋಲಿಸುವ ಪದ್ಯ ಗೊತ್ತಿಲ್ಲದವರು ಕಡಿಮೆ. ಆದರೆ ಮುಳಬಾಗಿಲಿನಲ್ಲಿ ನಿಜವಾಗಿ ಜಟಕಾ ಹೊಡೆಯುತ್ತಿದ್ದ ರಸೂಲ್ ಖಾನ್ ಗೊತ್ತಿರುವವರು ಇನ್ನೂ ಕಡಿಮೆ. ಓದು ಊರಲ್ಲೇ ನಿಂತುಹೋಗಬೇಕಿದ್ದ ಹುಡುಗನನ್ನು ಮುಂದಕ್ಕೆ ಓದಲು ಕಳಿಸುವುದರಲ್ಲಿ ಆ ಮನುಷ್ಯನ ಪಾಲು ದೊಡ್ಡದು. ಡಿವಿಜಿ ಅದನ್ನು ಕೃತಜ್ಞತೆಯಿಂದ ನೆನೆದು ಬರೆದಿದ್ದಾರೆ. ಹುಡುಗ ಮೈಸೂರಿಗೆ ಹೋದ, ಇಂಗ್ಲಿಷ್ ಓದಿದ, ಮೆಟ್ರಿಕ್ ಮಾತ್ರ ಪಾಸಾಗಲಿಲ್ಲ. ಆಮೇಲೆ ಅದೇ ಮನುಷ್ಯ 'ಮ್ಯಾಕ್‌ಬೆತ್' ನಾಟಕವನ್ನು ಕನ್ನಡಕ್ಕೆ ತಂದರು. ಎಂ.ಎ. ಮಾಡಿದ ಮಾಸ್ತಿ 'ಲಿಯರ್' ತಂದರು. ಶೇಕ್ಸ್‌ಪಿಯರ್ ಮಾರ್ಕ್ಸ್ ಕಾರ್ಡು ನೋಡಲಿಲ್ಲ.

ಎರಡೂ ಬರಹ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಬ್ಬ ಹುಡುಗ ಇಂಗ್ಲಿಷ್ ಕಲಿಯಲು ಊರು ಬಿಡುತ್ತಾನೆ. ಎರಡರಲ್ಲೂ ಮನೆಯವನಲ್ಲದ ಒಬ್ಬ ಇನ್ನೊಬ್ಬರ ಬದುಕಿನ ದಾರಿಯನ್ನು ತಿರುಗಿಸುತ್ತಾನೆ. ಆದರೆ ಹೇಳುತ್ತಿರುವವರು ಯಾರು? ಮಾಸ್ತಿಯವರ ಕತೆಯಲ್ಲಿ ತಿರುಗಿಸಿದವನೇ ಹೇಳುತ್ತಾನೆ: ನೋಡಿ, ನಾನು ಹೇಗೆ ಮಾಡಿಸಿದೆ. ಡಿವಿಜಿಯವರಲ್ಲಿ ತಿರುಗಿಸಿಕೊಂಡವನು ಹೇಳುತ್ತಾನೆ: ನೋಡಿ, ಇವನು ನನಗಾಗಿ ಏನು ಮಾಡಿದ. ಮೊದಲನೆಯದರ ಭಾವ ಮೀಸೆ ತಿರುವುವುದು, ಎರಡನೆಯದರ ಭಾವ ಕೈಮುಗಿಯುವುದು. ರತ್ನ ಎಪ್ಪತ್ತು ವರ್ಷ ಬದುಕಿ ಒಂದು ಜ್ಞಾಪಕ ಚಿತ್ರಶಾಲೆ ಬರೆದಿದ್ದರೆ ಶಾಮನ ಬಗ್ಗೆ ಏನು ಬರೆಯುತ್ತಿದ್ದಳು? ನಮ್ಮ ಮಾವ ಶಾಮಣ್ಣನವರ ದಯೆಯಿಂದ ಅಂತಲೋ? ಬೇರೇನಾದರೋ? ಪ್ರಬಂಧದ ಪ್ರಶ್ನೆ ಅದೇ ಆಯಿತು: ಒಬ್ಬರ ಬದುಕಿನ ದಾರಿಯನ್ನು ಇನ್ನೊಬ್ಬರು ತಿರುಗಿಸಿದಾಗ, ಆ ಕತೆಯನ್ನ ಯಾರು ಹೇಳುತ್ತಾರೆ, ಯಾರು ಹೇಳಬೇಕು?

ಇದಕ್ಕೆ ಎರಡು ಆಕ್ಷೇಪ ಬರುತ್ತವೆ ಅಂತ ಮೊದಲೇ ಎಚ್ಚರಿಸಿದೆ. ಒಂದು ಕಲ್ಪನೆಯ ಕತೆ, ಇನ್ನೊಂದು ನೆನಪು. ಕತೆಯನ್ನೂ ನೆನಪನ್ನೂ ಒಂದೇ ತಕ್ಕಡಿಗೆ ಹಾಕಬಹುದೇ? ಹಾಕಬಹುದು, ಆದರೆ ಹಾಗೆ ಹಾಕುತ್ತಿದ್ದೇನೆ ಅಂತ ಹೇಳಿ ಹಾಕಬೇಕು. ಮಾಸ್ತಿಯವರ ಎಷ್ಟೋ ಕತೆಗಳು ಯಾರೋ ಗೆಳೆಯರು ಹೇಳಿದ ನಿಜಸಂಗತಿಯ ವೇಷ ಹಾಕಿಕೊಂಡು ಬರುತ್ತವೆ. ಡಿವಿಜಿಯವರ ನೆನಪುಗಳಲ್ಲಿ ಕತೆಗಾರನ ಕೈಚಳಕವಿದೆ. ಮಾತು, ನಡೆ, ಉಡುಪು ಎಲ್ಲ ಕಣ್ಣೆದುರು ನಿಲ್ಲುತ್ತವೆ. ಈ ಇಬ್ಬರ ನಡುವಿನ ಬೇಲಿ ನಮ್ಮ ಸಿಲೆಬಸ್ ಹಾಕಿರುವಷ್ಟು ಎತ್ತರದ್ದಲ್ಲ.

ಎರಡನೇ ಆಕ್ಷೇಪ: ಮಾಸ್ತಿ ಹೆಣ್ಣಿಗೆ ಬಾಯಿ ಕೊಡಲಿಲ್ಲ ಅನ್ನುವುದು ಅನ್ಯಾಯವಲ್ಲವೇ? 'ಮೊಸರಿನ ಮಂಗಮ್ಮ' ಬರೆದವರೂ ಅವರೇ. ಅಲ್ಲಿ ಕತೆ ಹೇಳುವವಳು ಹೆಂಗಸು, ಕೇಳಿಸಿಕೊಳ್ಳುವವಳೂ ಅವಳೇ, ಮಂಗಮ್ಮನ ಮಾತಿಗೆ ಕೊನೆಯೇ ಇಲ್ಲ. ಸೊಸೆಯ ಜೊತೆ ಜಗಳ, ಮೊಮ್ಮಗನ ಮೇಲಿನ ಆಸೆ, ತಾನೂ ಒಂಚೂರು ಅಲಂಕಾರ ಮಾಡಿಕೊಳ್ಳಬೇಕು ಅನ್ನುವ ಬಯಕೆ, ಎಲ್ಲವನ್ನೂ ಅವಳೇ ಹೇಳುತ್ತಾಳೆ. ನನ್ನ ತಂಗಿ ಇದಕ್ಕೆ ಒಂದೇ ಸಾಲಿನ ಉತ್ತರ ಬರೆದಳು, ನನಗೆ ಅದು ಇಡೀ ಪ್ರಬಂಧದಲ್ಲೇ ಒಳ್ಳೆಯ ಸಾಲು ಅನಿಸಿತು: ಮಂಗಮ್ಮನ ಸೆರಗಿನಲ್ಲಿ ಮೊಸರಿನ ದುಡ್ಡಿದೆ, ರತ್ನಳ ಸೆರಗಿನಲ್ಲಿ ಏನೂ ಇಲ್ಲ.

ನಡುವೆ ಒಂದು ವಿಷಯಕ್ಕೆ ನಾವಿಬ್ಬರೂ ಸ್ವಲ್ಪ ಹೊತ್ತು ದಾರಿ ತಪ್ಪಿದೆವು. ಮಾಸ್ತಿ ಅನ್ನುವ ಪದ 'ಮಹಾಸತಿ'ಯಿಂದ ಬಂದದ್ದು. ಸತಿಹೋದ ಹೆಂಗಸಿಗೆ ನಿಲ್ಲಿಸಿದ ಕಲ್ಲು ಮಾಸ್ತಿಕಲ್ಲು. ಮೇಲಕ್ಕೆತ್ತಿದ ಒಂದು ಕೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಹಲವು ಕಲ್ಲುಗಳಲ್ಲಿ ಮುಖವೂ ಇರುವುದಿಲ್ಲ, ಕೈ ಮಾತ್ರ. ಇದನ್ನೂ ಪ್ರಬಂಧಕ್ಕೆ ಸೇರಿಸಲಾ ಅಂತ ಕೇಳಿದಳು. ಬೇಡ ಅಂದೆ. ಮನಸ್ಸಿಗೆ ನಾಟುವುದೆಲ್ಲ ವಾದಕ್ಕೆ ಒದಗುವುದಿಲ್ಲ. ಊರಿನ ಹೆಸರಿನ ವ್ಯುತ್ಪತ್ತಿ ಹಿಡಿದು ಲೇಖಕನ ಮೇಲೆ ತೀರ್ಪು ಕೊಟ್ಟರೆ ಓದುವವರು ನಮ್ಮನ್ನ ನಂಬಲ್ಲ. ಹಾಗೆ ಹೋದರೆ, ಮಾಸ್ತಿಯವರ ಕಾವ್ಯನಾಮ 'ಶ್ರೀನಿವಾಸ', ನಿಮ್ಮೂರು ಶ್ರೀನಿವಾಸಪುರ ಅಂತಲೂ ಬರೆಯಬಹುದು. ಶ್ರೀನಿವಾಸಪುರಕ್ಕೆ ಹೆಸರು ಬಂದದ್ದು ದಿವಾನ್ ಪೂರ್ಣಯ್ಯನವರ ಮಗನಿಂದ. ಅವಳು ನಕ್ಕು ಆ ಸಾಲು ಹೊಡೆದುಹಾಕಿದಳು. ಪ್ರಬಂಧ ಬರೆಯುವುದರಲ್ಲಿ ಅರ್ಧ ಕೆಲಸ ಇದೇ, ಚೆನ್ನಾಗಿದ್ದದ್ದನ್ನ ಹೊಡೆದುಹಾಕುವುದು.

ಬರೆಯುವ 'ಭಾಷೆ' ಇನ್ನೊಂದು ತೊಡಕು. ನಮ್ಮ ಮನೆಗಳಲ್ಲಿ ತೆಲುಗು. ಮಂಡಿಯಲ್ಲಿ ಉರ್ದು, ತಮಿಳು. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲವೂ ಕಲೆಸಿದ್ದು. ಪೆನ್ನು ಹಿಡಿದಾಗ ಮಾತ್ರ ಕನ್ನಡ, ಅದೂ 'ಪ್ರಸ್ತುತ ಪ್ರಬಂಧದಲ್ಲಿ ತೌಲನಿಕ ದೃಷ್ಟಿಕೋನದಿಂದ ಅವಲೋಕಿಸಲಾಗಿದೆ' ಅನ್ನುವ ಕನ್ನಡ. ಅವಳ ಮೊದಲ ಪ್ಯಾರಾ ಹಾಗೇ ಇತ್ತು. ಬಾಯಲ್ಲಿ ಅಷ್ಟು ಖಾರವಾಗಿ ಹೇಳಿದ್ದು ಹಾಳೆಗೆ ಬಂದಾಗ ಸಪ್ಪೆ ಸಾರು. ಮಾಸ್ತಿಯವರ ಮನೆಮಾತು ತಮಿಳು. ಡಿವಿಜಿ ಬೆಳೆದ ಮುಳಬಾಗಿಲಿನ ಬೀದಿಯಲ್ಲೂ ತೆಲುಗು ಇತ್ತು, ಉರ್ದು ಇತ್ತು. ಅವರಿಗೂ ಕನ್ನಡ ಪಕ್ಕದ ಮನೆಯಿಂದ ಎರವಲು ತಂದ ಕೊಡದಂತೆ ಅನಿಸಿರಬಹುದು ಅಂತ ನಾವು ಊಹೆ ಮಾಡಬಹುದು, ಅಷ್ಟೇ. ಬರೆದದ್ದು ನೋಡಿದರೆ ಹಾಗೆ ಕಾಣುವುದಿಲ್ಲ. ಮಾಸ್ತಿಯವರ ವಾಕ್ಯ ಜಗಲಿಯ ಮೇಲೆ ಕೂತು ಮಾತಾಡಿದ ಹಾಗಿರುತ್ತದೆ. ಹಾಗೆ ಬರಿ ಅಂದೆ. ನನಗೆ ಹೇಳಿದೆಯಲ್ಲ, ಅದನ್ನೇ ಬರಿ. 'ಅವಲೋಕಿಸಲಾಗಿದೆ' ಅಂದರೆ ಅವಲೋಕಿಸಿದವರು ಯಾರು? ನೀನೇ ತಾನೆ. 'ನನಗೆ ಅನಿಸುತ್ತದೆ' ಅಂತ ಬರೆಯೋಕೆ ಯಾಕೆ ಹೆದರಿಕೆ? "ಅಂಕ ಕಟ್ ಮಾಡ್ತಾರೆ ಅಣ್ಣಾ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ಇನ್ನೊಂದು ಕೆಲಸದ ವಿಷಯ. ಹಿಂದಿನ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಒಂದು ಸಂಬಂಧ ಬಂದಿದೆ, ಹುಡುಗ ವೈಟ್‌ಫೀಲ್ಡಿನಲ್ಲೇ ಇದ್ದಾನೆ, ವಿಚಾರಿಸು ಅಂತ. ವಿಚಾರಿಸಿದೆ. ಒಳ್ಳೇ ಹುಡುಗ. ಅವಳು ಎಂ.ಎ. ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ, ನೀನು ಹೇಳಿದರೆ ಕೇಳ್ತಾಳೆ, ಓದಿನ ನೆಪದಲ್ಲಿ ಮೆಲ್ಲಗೆ ಮಾತು ತೆಗಿ ಅಂದಿದ್ದರು ಚಿಕ್ಕಮ್ಮ. ಕನ್ನಡ ಎಂ.ಎ. ಮಾಡಿದವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗೋದು ಎಷ್ಟು ಕಷ್ಟ ಅಂತ ಹೇಳುವುದು, ಆಮೇಲೆ ನನ್ನ ಗೆಳೆಯನೊಬ್ಬನ ಮಾತು ತಂದಂತೆ ಆ ಹುಡುಗನ ಮಾತು ತರುವುದು, ಅಂತ ನಾನು ಬಸ್ಸಿನಲ್ಲೇ ಪ್ಲಾನ್ ಹಾಕಿಕೊಂಡು ಬಂದಿದ್ದೆ. ಅವನ ಫೋಟೋ ನನ್ನ ಫೋನಿನಲ್ಲಿತ್ತು. ಮಜ್ಜಿಗೆ ಒಂದು ಇರಲಿಲ್ಲ ಅಷ್ಟೇ.

ರತ್ನಳನ್ನು ಒಬ್ಬರೂ ಕೇಳಲಿಲ್ಲ ಅಂತ ಅವಳು ಹೇಳಿದ ಕ್ಷಣದಿಂದ ಆ ಫೋನು ಜೇಬಿನಲ್ಲಿ ಬಿಸಿಯಾಗುತ್ತಾ ಇತ್ತು. ಶಾಮನನ್ನು ಮಾಸ್ತಿಯಿಂದ ಬೇರೆ ಮಾಡಿ ಅವಳಿಗೆ ಪಾಠ ಹೇಳುತ್ತಿದ್ದೆನಲ್ಲ, ಆಗ ನಾನು ಯಾರಾಗಿ ಕೂತಿದ್ದೆ ಅಂತ ನನಗೆ ಗೊತ್ತಿತ್ತು. ಶಾಮ ಕೆಟ್ಟವನಲ್ಲ. ಅದೇ ಕತೆಯ ಬಲ. ಅವನಿಗೆ ರಂಗನ ಮೇಲೆ ಪ್ರೀತಿ ಇದೆ, ರತ್ನಳ ಮೇಲೂ ಇದೆ, ಅನಾಥ ಹುಡುಗಿಗೆ ಒಳ್ಳೇ ಮನೆ ಸಿಗಲಿ ಅನ್ನುವ ಆಸೆ ಇದೆ. ಪಿಯುಸಿಯಲ್ಲಿ ನಾನು ನಕ್ಕಿದ್ದು ರಂಗನನ್ನು ನೋಡಿ ಅಂದುಕೊಂಡಿದ್ದೆ. ಶಾಮನ ಜೊತೆ ಸೇರಿಕೊಂಡು ನಕ್ಕಿದ್ದೆ. ಕತೆ ಓದುವಾಗ ನಾವು ಯಾವ ಕಡೆ ಕೂತಿದ್ದೇವೆ ಅಂತ ಕತೆ ಹೇಳುವುದಿಲ್ಲ. ಇನ್ನೊಬ್ಬರು ಅದೇ ಕತೆಯನ್ನು ಬೇರೆ ಕಡೆಯಿಂದ ಓದಿದಾಗ ಗೊತ್ತಾಗುತ್ತದೆ.

ಸಂಜೆ ಪ್ರಬಂಧ ಒಂದು ಹದಕ್ಕೆ ಬಂದಿತ್ತು. ಟೀ ಕುಡಿಯುತ್ತಾ ಅವಳೇ ಕೇಳಿದಳು: "ನೀನು ಬಂದಿದ್ದು ಬರೀ ಇದಕ್ಕೇನಾ ಅಣ್ಣಾ? ಅಮ್ಮ ಏನೋ ಹೇಳಿ ಕಳ್ಸಿರ್ತಾಳೆ." ಇದ್ದದ್ದು ಇದ್ದ ಹಾಗೆ ಹೇಳಿದೆ. ಫೋಟೋ, ಎಂ.ಎ. ಬಗ್ಗೆ ಹೇಳಬೇಕು ಅಂತ ಮಾಡಿಕೊಂಡಿದ್ದ ಮಾತು, ಎಲ್ಲಾ. ಅವಳು ಫೋನ್ ತಗೊಂಡು ಫೋಟೋ ನೋಡಿದಳು. ಅವಸರ ಮಾಡಲಿಲ್ಲ. ಆಮೇಲೆ ಫೋನ್ ವಾಪಸ್ ಕೊಟ್ಟು, "ನಂಬರ್ ಇದ್ರೆ ಕಳ್ಸು. ಮಾತಾಡೋದಾದ್ರೆ ನಾನೇ ಮಾತಾಡ್ತೀನಿ. ಎಂ.ಎ. ಅಪ್ಲಿಕೇಶನ್ ಮಾತ್ರ ಹಾಕೇ ಹಾಕ್ತೀನಿ" ಅಂದಳು. ಒಳಗೆ ಚಿಕ್ಕಮ್ಮ ಪಾತ್ರೆ ಸದ್ದು ಮಾಡದೆ ಕೇಳಿಸಿಕೊಳ್ಳುತ್ತಿದ್ದರು.

ಪ್ರಬಂಧಕ್ಕೆ ಹತ್ತಕ್ಕೆ ಏಳು ಬಂತು. ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಎರಡು ಷರಾ. ಒಂದು, ಲೇಖಕರ ಜೀವನ ವಿವರ ಇಲ್ಲ. ಅವಳ ಮೊದಲಿನ ಪಟ್ಟಿ ಹಾಗೇ ಕೊಟ್ಟಿದ್ದರೆ ಒಂಬತ್ತು ಬರುತ್ತಿತ್ತೋ ಏನೋ. ಇನ್ನೊಂದು, ಡಿವಿಜಿಯವರ ಭಾಗ ಸಾಲದು. ಈ ಎರಡನೇ ಮಾತು ಸರಿ. ರತ್ನಳ ಮೇಲಿನ ಸಿಟ್ಟಿನಲ್ಲಿ ಐದು ಪುಟ ಹೋಗಿತ್ತು, ರಸೂಲ್ ಖಾನನಿಗೆ ಉಳಿದದ್ದು ಒಂದೂವರೆ. ಅವನಿಗೂ ತನ್ನ ಕತೆ ತಾನು ಹೇಳಿಕೊಳ್ಳುವ ಅವಕಾಶ ಸಿಗಲಿಲ್ಲ, ಡಿವಿಜಿಯವರ ಮಾತಿನಲ್ಲೇ ನಾವು ಅವನನ್ನ ನೋಡುತ್ತಿದ್ದೇವೆ ಅನ್ನುವುದು ನಮ್ಮಿಬ್ಬರಿಗೂ ಅವತ್ತು ಹೊಳೆಯಲಿಲ್ಲ. ಮೊನ್ನೆ ಫೋನಿನಲ್ಲಿ ಅದನ್ನ ಅವಳೇ ಹೇಳಿದಳು. ಎಂ.ಎ.ಗೆ ಸೀಟು ಸಿಕ್ಕಿದರೆ ಮುಳಬಾಗಿಲಿಗೆ ಹೋಗಿ ಜಟಕಾ ಹೊಡೆಯುತ್ತಿದ್ದ ಮನೆಗಳು ಯಾವುದಾದರೂ ಉಳಿದಿವೆಯಾ ಅಂತ ಕೇಳಿಕೊಂಡು ಬರಬೇಕಂತೆ. ದೋಸೆ ನನ್ನ ಖರ್ಚು ಅಂದಿದ್ದೇನೆ.